ಗಡಿಗೆಯ ನೀರು ತಂಪಾಗುವ ಬಗೆ

ನಮ್ಮೂರಿನಲ್ಲಿ ಜಾಣ ವಿದ್ಯಾರ್ಥಿ ಹುಟ್ಟಿಕೊಂಡರೆ ಯಾರೂ ಸಕ್ಕರೆ ಹಂಚುವುದಿಲ್ಲ. ಬಿಎಸ್ಸಿ ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಊರೆಲ್ಲ ಅಂಥವನನ್ನು ಹುಬ್ಬು ಗಂಟಿಕ್ಕಿ ನೋಡಲು ಶುರು ಮಾಡುತ್ತದೆ. ಆ ವರ್ಷ ಭೌತಶಾಸ್ತ್ರದ ಸಂಶೋಧನಾ ಪ್ರಬಂಧ ಬರೆಯಬೇಕಲ್ಲ, ಮತ್ತು ನಮ್ಮೂರಿನಲ್ಲಿ ಯಾವುದರ ಮೇಲೆ ಒಳ್ಳೆಯ ಪ್ರಬಂಧ ಬರುತ್ತದೋ ಅದು ನಿಂತುಹೋಗುತ್ತದೆ. ಪರೀಕ್ಷಕರು ಕೆಂಪು ಶಾಯಿಯಲ್ಲಿ ಅಂಕ ಹಾಕಿದ ದಿನದಿಂದ ನಮ್ಮ ಸೀಮೆಯೊಳಗೆ ಅದು ಇಲ್ಲ. ಹೆದ್ದಾರಿಯ ಮೇಲೆ ಮಧ್ಯಾಹ್ನ ನೀರಿನಂತೆ ಹೊಳೆಯುತ್ತಿದ್ದ ಬಿಸಿಲ್ಗುದುರೆ ಹೀಗೇ ಹೋಯಿತು. ಲಾರಿಯವರು ಪೇಡೆ ಹಂಚಿದರು. ಕೆರೆಗೆ ಚಪ್ಪಟೆ ಕಲ್ಲು ಎಸೆದರೆ ಅದು ನೀರಿನ ಮೇಲೆ ಕುಪ್ಪಳಿಸುವುದು ಹೋಯಿತು. ಹುಡುಗರು ಎರಡು ದಿನ ಅತ್ತು ಕ್ರಿಕೆಟ್ಟಿಗೆ ಹೋದರು. ಕಾದ ಹಂಚಿನ ಮೇಲೆ ನೀರಿನ ಹನಿ ಕುಣಿಯುವುದು ಹೋದ ಮೇಲೆ ದೋಸೆ ಅಂಗಡಿಯವರು ಅರ್ಧ ಈರುಳ್ಳಿ ಉಜ್ಜಿ, ವಾಸನೆ ನೋಡಿ ಹಿಟ್ಟು ಹಾಕುವುದನ್ನು ಕಲಿತರು.

ನಾನು ಇಲ್ಲಿಯ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಹಳ್ಳದ ಎನ್ನುವುದು ನಮ್ಮ ಮನೆತನದ ಹೆಸರು, ಊರಿಗೆಲ್ಲ ನಾನು ಹಳ್ಳದ ಮಾಸ್ತರ. ಪ್ರಬಂಧಕ್ಕೆ ವಿಷಯ ಆರಿಸಿಕೊಡುವುದು ನನ್ನ ಪಾಲಿಗೆ ಬಂದ ಕೆಲಸ. ಬೇರೆ ಊರಿನ ಮಾಸ್ತರರಿಗೆ ಇದು ಒಂದು ಕಪ್ ಚಹಾ ಮುಗಿಯುವಷ್ಟರ ಮಾತು. ನಮಗೆ ದಸರೆಯಿಂದ ದೀಪಾವಳಿ ತನಕ ತಿರುಗಿದರೂ ಸಾಲುವುದಿಲ್ಲ. ನಾನು ನೌಕರಿಗೆ ಸೇರುವ ಮೊದಲು ವಕೀಲರ ಮಗನೊಬ್ಬ ದೀಪದ ಬತ್ತಿ ಎಣ್ಣೆ ಹೀರುವುದರ ಮೇಲೆ ಬರೆದಿದ್ದ. ಅಂದಿನಿಂದ ನಮ್ಮಲ್ಲಿ ಎಣ್ಣೆಯ ದೀಪ ಉರಿಯುವುದಿಲ್ಲ. ದೇವರ ಮುಂದೆ ಸಣ್ಣ ಕೆಂಪು ಬಲ್ಬು, ಸತ್ತವರ ತಲೆಯ ಹತ್ತಿರವೂ ಅದೇ ಬಲ್ಬು. ಆಗ ಹಿರಿಯರು ಸೇರಿ ತಕರಾರು ಮಂಡಳಿ ಕಟ್ಟಿದರು. ವಿದ್ಯಾರ್ಥಿ ತನ್ನ ವಿಷಯವನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಮನೆಮನೆಗೆ ಹೋಗಬೇಕು, ಇದು ಹೋದರೆ ನಿಮಗೇನಾದರೂ ತೊಂದರೆಯೇ ಎಂದು ಕೇಳಿ ಸಹಿ ಹಾಕಿಸಿಕೊಳ್ಳಬೇಕು. ಒಬ್ಬರು ತಕರಾರು ಎತ್ತಿದರೂ ಆ ವಿಷಯ ಬಿಟ್ಟು ಬೇರೆ ಹುಡುಕಬೇಕು.

ಇನ್ನೊಂದು ನಿಯಮ ನನ್ನ ಕಾಲದಲ್ಲಿ ಬಂತು. ಒಬ್ಬ ಹುಡುಗ ಶಾಲೆಯ ಗಂಟೆ ಹೊಡೆದ ಮೇಲೆ ಉಳಿಯುವ ನಾದದ ಮೇಲೆ ಬರೆದ. ಶಾಲೆಗೆ ಕರೆಂಟಿನ ಬೆಲ್ಲು ಬಂದಿತ್ತು, ಯಾರೂ ಬೇಡ ಎನ್ನಲಿಲ್ಲ. ಆದರೆ ಆ ಪುಣ್ಯಾತ್ಮ ಕೊನೆಯ ಪುಟದಲ್ಲಿ "ಇದೇ ರೀತಿ ಎಲ್ಲ ಲೋಹದ ವಸ್ತುಗಳಲ್ಲಿಯೂ" ಎಂದು ಒಂದು ಸಾಲು ಜಡಿದುಬಿಟ್ಟ. ಅಂಕ ಬಿದ್ದ ದಿನ ಗುಡಿಯ ಗಂಟೆ, ಎತ್ತಿನ ಕೊರಳ ಗೆಜ್ಜೆ, ಮದುಮಗಳ ಕಾಲಿನ ಚೈನು ಎಲ್ಲವೂ ಕಟ್ಟಿಗೆಗೆ ಕಟ್ಟಿಗೆ ಬಡಿದಂತೆ ಟಕ್ ಟಕ್ ಅಂದವು. ವಿಷಯ ಎಷ್ಟು ಸಣ್ಣದೋ ಹೋಗುವುದೂ ಅಷ್ಟೇ, ಹಿಗ್ಗಿಸಿದರೆ ಕೆಟ್ಟೆವು ಎಂದು ಊರಿಗೆ ಆಗ ತಿಳಿಯಿತು. "ಇದೇ ರೀತಿ" ಎಂಬ ಮಾತು ಪ್ರಬಂಧದಲ್ಲಿ ಬರಕೂಡದು ಎಂದು ಠರಾವಾಯಿತು. ಮಂಡಳಿಯ ಅಧ್ಯಕ್ಷರಾದ ರುದ್ರಗೌಡರು, ಊರಿನ ಲೆಕ್ಕ ಬರೆದು ನಿವೃತ್ತರಾದ ತಲಾಟಿಗಳು, ಪ್ರತಿ ಪ್ರಬಂಧದ ಕೊನೆಯ ಪುಟವನ್ನು ತಾವೇ ಓದಿ ಮುದ್ರೆ ಒತ್ತಿದ ಮೇಲೆಯೇ ಅದು ಊರು ದಾಟಬೇಕು. ದೂರದ ಪೇಟೆಯಲ್ಲಿ ಕೂತ ಪರೀಕ್ಷಕರಿಗೆ ಇದೆಲ್ಲ ಎಲ್ಲಿ ಗೊತ್ತು? "ವಿಸ್ತೃತ ಅನ್ವಯ ಇಲ್ಲ" ಎಂದು ಷರಾ ಬರೆದು ನಮ್ಮ ಹುಡುಗರಿಗೆ ಇಪ್ಪತ್ತೈದು ಅಂಕ ಕತ್ತರಿಸುತ್ತಾರೆ. ಎಷ್ಟು ಜಾಣನಾದರೂ ನಮ್ಮೂರಿನವನಿಗೆ ಎಪ್ಪತ್ತೈದರ ಮೇಲೆ ಬಂದದ್ದಿಲ್ಲ. ಇಪ್ಪತ್ತಾರು ವರ್ಷ ಕಲಿಸಿದ್ದೇನೆ, ನನ್ನ ಕೈಯಿಂದ ಒಬ್ಬರೂ ಮುಂದಿನ ಓದಿಗೆ ಹೋಗಲಿಲ್ಲ. ಈ ಸಂಕಟವನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ.

ಹೋದ ವರ್ಷ ನನ್ನ ತರಗತಿಯಲ್ಲಿ ನೀಲಗಂಗಾ ಇದ್ದಳು, ಚುರುಮುರಿ ಭಟ್ಟಿಯ ಫಕೀರವ್ವನ ಮಗಳು. ಕೆರೆಯ ಆಚೆ ದಂಡೆಗೆ ಸಾಲಾಗಿ ಹನ್ನೆರಡು ಭಟ್ಟಿಗಳಿವೆ. ಒಳಗೆ ಕೆಂಪಗೆ ಕಾದ ಮರಳು, ಅದರೆದುರು ಬೆಳಗಿನಿಂದ ಸಂಜೆಯವರೆಗೆ ಜರಡಿ ಹಿಡಿದು ಅಕ್ಕಿ ಹುರಿದು ಚುರುಮುರಿ ಅರಳಿಸುವ ಹೆಂಗಸರು. ಗಂಡ ಸತ್ತಾಗಿನಿಂದ ಫಕೀರವ್ವ ಅಲ್ಲೇ ಇದ್ದಳು. ಹುಬ್ಬು ಸುಟ್ಟುಹೋಗಿದ್ದರಿಂದ ಅವಳ ಮುಖ ನೋಡಿ ವಯಸ್ಸು ಹೇಳುವಂತಿರಲಿಲ್ಲ. ಒಂದು ದಿನ ಕಾಲೇಜಿಗೇ ಬಂದು, ಒಳಗೆ ಕರೆದರೂ ಬಾರದೆ, ಬಾಗಿಲಲ್ಲಿ ನಿಂತು ಹೇಳಿದಳು. "ಮಾಸ್ತರ್ರ, ನನ್ನ ಮಗಳು ಭಟ್ಟಿ ಮುಂದ ಬಂದು ಕೂಡಬಾರದ್ರಿ. ಅಷ್ಟ ಮಾಡ್ರಿ ಸಾಕು. ಮತ್ತೇನೂ ಕೇಳಂಗಿಲ್ಲ ನಾ."

ಅದಕ್ಕೆ ದಾರಿ ಒಂದೇ ಇತ್ತು. ಪೇಟೆಯ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಸೀಟು, ವಸತಿ, ಊಟ ಎಲ್ಲ ಪುಕ್ಕಟೆ ಸಿಗುತ್ತಿತ್ತು, ಪ್ರಬಂಧಕ್ಕೆ ನೂರಕ್ಕೆ ಎಂಬತ್ತು ಬಂದರೆ. ವಿಷಯಕ್ಕೆ ಆಳ ಇದ್ದರೆ ಪರೀಕ್ಷಕರು ಈ ಸಲ ಇಪ್ಪತ್ತೈದೂ ಕತ್ತರಿಸಲಿಕ್ಕಿಲ್ಲ ಎಂಬುದೊಂದೇ ನಮ್ಮ ಆಸೆ. ಬಾರದಿದ್ದರೆ ಭಟ್ಟಿಯ ಮಾಲೀಕ ಅವಳಿಗಾಗಿ ಒಂದು ಜರಡಿ ತೆಗೆದಿಟ್ಟೇ ಇದ್ದ. ನೀಲಗಂಗಾ ಹೆಚ್ಚು ಮಾತಿನವಳಲ್ಲ. ನಾನು ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ತಪ್ಪಿದರೆ ಬಾಯಿ ತೆರೆಯದೆ ಪೆನ್ನು ಕೆಳಗಿಡುತ್ತಿದ್ದಳು. ಅದನ್ನು ನೋಡಿ ನಾನು ತಿರುಗಿ ನನ್ನ ತಪ್ಪು ಹುಡುಕಿಕೊಳ್ಳುತ್ತಿದ್ದೆ. ಅಂಥ ಹುಡುಗಿ ಅವಳು.

ಮೊದಲು ಅವಳು ಆರಿಸಿದ್ದು ಜೋಕಾಲಿಯ ತೂಗಾಟ. ನಾನೂ ಅವಳ ಜೊತೆ ತಿರುಗಿದೆ, ಗುರು ಜೊತೆಗಿರಬೇಕೆನ್ನುವುದು ರೂಢಿ. ಮೂರನೇ ಮನೆಯಲ್ಲೇ ಬಾಣಂತಿಯೊಬ್ಬಳು ತೊಟ್ಟಿಲ ಹಗ್ಗ ಹಿಡಿದುಕೊಂಡೇ ಬೈದಳು. "ಜೋಕಾಲಿ ನಿಂತ್ರ ತೊಟ್ಟಿಲಾ ನಿಲ್ಲತೈತಿ. ರಾತ್ರಿ ಕೂಸು ಅಳತಾವು, ನಿಮ್ಮ ಮಾಸ್ತರ ಬಂದು ತಟ್ಟತಾನೇನ?" ಹಾಳೆ ಹರಿದೆವು. ಆಮೇಲೆ ಅಯಸ್ಕಾಂತ ಎಂದಳು. ದರ್ಜಿ ಮೌಲಾಸಾಬ ತನ್ನ ಅಯಸ್ಕಾಂತ ಎತ್ತಿ ತೋರಿಸಿ, "ನನ್ನ ಕಣ್ಣು ಮಂಜಾಗಿ ಐದು ವರ್ಷ ಆತು ತಂಗಿ. ಬಿದ್ದ ಸೂಜಿ ಇದ ಹುಡುಕಿ ಕೊಡತೈತಿ" ಎಂದ. ಸೂರ್ಯ ಮುಳುಗುವಾಗಿನ ಕೆಂಪು ಯಾರಿಗೆ ಬೇಕು ಎಂದುಕೊಂಡು ಅದನ್ನು ಹಿಡಿದು ಹೊರಟರೆ, ಬಳೆಗಾರ ಓಣಿಯಲ್ಲಿ ನಾಲ್ಕು ವರ್ಷದಿಂದ ಹಾಸಿಗೆ ಹಿಡಿದ ಮುದುಕನೊಬ್ಬ ಸಹಿ ಹಾಕಲಿಲ್ಲ. ಎದುರು ಗೋಡೆಗೆ ಆ ಕೆಂಪು ಬಿದ್ದಾಗ ಮಗ ಕೆಲಸದಿಂದ ಬರುವ ಹೊತ್ತಾಯಿತೆಂದು ಅವನಿಗೆ ಗೊತ್ತಾಗುತ್ತಿತ್ತಂತೆ. ಆ ಹಾಳೆಯನ್ನೂ ಹರಿದೆವು.

ಹದಿನೇಳು ವಿಷಯ ಹೀಗೆ ಹೋದವು. ಒಂದೊಂದು ಹಾಳೆ ಹರಿದಾಗಲೂ ಹುಡುಗಿ ಕುಗ್ಗುತ್ತಿದ್ದಳು. ಹದಿನೆಂಟನೆಯದಕ್ಕೆ ನಾನೇ, ಕಾಲೇಜಿನ ಗೇಟು ತೆರೆಯುವಾಗ ಕಿರ್ರೆನ್ನುವ ಸದ್ದಿನ ಮೇಲೆ ಬರಿ, ಊರೆಲ್ಲ ಕುಣಿದು ಸಹಿ ಹಾಕುತ್ತದೆ ಎಂದೆ. ಅವಳಿಗೆ ಸಿಟ್ಟು ಬಂತು. "ಅದಕ್ಕ ಎಷ್ಟು ಕೊಡತಾರ್ರಿ ಸರ, ಐವತ್ತು? ಐವತ್ತು ತಗೊಂಡು ಭಟ್ಟಿಗೆ ಹೋಗೂದಾದ್ರ ಇವತ್ತ ಹೋಗತೀನಿ, ಇಷ್ಟ್ಯಾಕ ತಿರಗೂದು?" ನನಗೂ ರೇಗಿತು. ಹಾಗಾದರೆ ನೀನೇ ಹುಡುಕಿಕೋ ಎಂದು ಎದ್ದು ಹೋದೆ.

ಮರುದಿನ ಅವಳೇ ಹುಡುಕಿಕೊಂಡು ಬಂದಳು. ಮಣ್ಣಿನ ಗಡಿಗೆಯಲ್ಲಿ ಇಟ್ಟ ನೀರು ತಂಪಾಗುವುದು. ಗಡಿಗೆಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಹೊರಮೈಗೆ ಬರುತ್ತದೆ, ಗಾಳಿಗೆ ಆವಿಯಾಗುತ್ತದೆ, ಹೋಗುವಾಗ ಗಡಿಗೆಯ ಶಾಖವನ್ನೂ ಹೊತ್ತುಕೊಂಡು ಹೋಗುತ್ತದೆ. ಅಳೆಯುವುದಕ್ಕೆ ಎರಡು ಥರ್ಮಾಮೀಟರು, ಒಂದು ತಕ್ಕಡಿ ಸಾಕು. ವಿಷಯ ಕೇಳಿ ನನ್ನ ಮೈ ಜುಮ್ ಎಂದಿತು. ಸಣ್ಣದು, ಆದರೆ ಒಳಗೆ ಆಳ ಇರುವಂಥದ್ದು. ತಕರಾರು ಬಂದರೆ ಒಬ್ಬನಿಂದ ಬರಬೇಕು, ಕುಂಬಾರ ಬಸಲಿಂಗಪ್ಪನಿಂದ. ನೇರ ಅವನ ಮನೆಗೇ ಹೋದೆವು.

ಬಸಲಿಂಗಪ್ಪ ತಿಗರಿಯ ಮುಂದೆ ಕೂತು ಹೂವಿನ ಕುಂಡ ಮಾಡುತ್ತಿದ್ದ. ಹಾಳೆ ಓದಿಸಿ ಕೇಳಿ ನಕ್ಕ. "ಗಡಿಗಿ ಯಾರ್ ಕೇಳತಾರವಾ ಈಗ? ಮನಿಮನಿಗೂ ಫ್ರಿಜ್ ಬಂದಾವು. ಮೂರು ವರ್ಷದಾಗ ನಾ ಮಾರಿದ್ದು ಒಂಬತ್ತು ಗಡಿಗಿ, ಅದರಾಗ ಆರು ಹೆಣದ ಮುಂದ ಹಿಡ್ಯಾಕ. ಹೆಣಕ್ಕ ತಣ್ಣೀರು ಯಾಕ ಬೇಕು? ಬರಕೋ, ಬರಕೊಂಡು ಶಾಣ್ಯಾಕಿ ಆಗು." ಸಹಿ ಹಾಕಿದ. ಅವನೇ ಹಾಕಿದ ಮೇಲೆ ಉಳಿದವರದೇನು? ಊರಿಗೆ ಊರೇ ಹಾಕಿತು. ನಮ್ಮ ತಪ್ಪು ಅಲ್ಲೇ ಇತ್ತು ನೋಡಿ. ನಾವು ಯಾವಾಗಲೂ ವಸ್ತುವಿನ ಹೆಸರು ಹೇಳಿ ಕೇಳುತ್ತಿದ್ದೆವು. ಗಡಿಗೆ ಬೇಕೋ ಬೇಡವೋ ಎಂದು ಕೇಳಿದರೆ ಜನ ಗಡಿಗೆಯನ್ನಷ್ಟೇ ನೆನೆದು ಉತ್ತರ ಕೊಡುತ್ತಾರೆ.

ಕೊನೆಗೆ ಉಳಿದದ್ದು ಭಟ್ಟಿಗಳು. ಒಳಗೆ ಕಾಲಿಡುತ್ತಿದ್ದಂತೆ ಝಳ ಮುಖಕ್ಕೆ ಹೊಡೆಯಿತು, ನಾನು ಬಾಗಿಲಲ್ಲೇ ನಿಂತೆ. ಹೆಂಗಸರ ಕುಬಸ ಬೆನ್ನಿಗೆ ಅಂಟಿಕೊಂಡಿತ್ತು, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೂಲೆಯಲ್ಲಿ ಒಂದು ಗಡಿಗೆ ಇತ್ತು, ನಿಜ. ನೀಲಗಂಗಾ ಹಾಳೆ ಹಿಡಿದು ಓದುತ್ತಿದ್ದಂತೆ ಒಬ್ಬಳು, "ಈ ಗಡಿಗ್ಯಾಗಿನ ನೀರು ತಣ್ಣಗ ಯಾವತ್ತಿತ್ತ? ಭಟ್ಟಿ ಒಳಗ ನಾವೂ ಬಿಸಿ, ನೀರೂ ಬಿಸಿ" ಎಂದು ನಕ್ಕಳು. ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಫಕೀರವ್ವ ಎಲ್ಲರಿಗಿಂತ ಕೊನೆಗೆ ಬಂದಳು, ಸೆರಗಿಗೆ ಕೈ ಒರೆಸಿ, ಇಂಕು ಹಚ್ಚಿ, ಹಾಳೆ ಹೊಲಸಾಗಬಾರದೆಂದು ಉಸಿರು ಹಿಡಿದು ಒತ್ತಿದಳು. "ಇದರಾಗ ಆಗತೈತೇನ್ರಿ ಮಾಸ್ತರ್ರ?" ಎಂದು ಕೇಳಿದಳು. "ಆಗತೈತಿ ತಾಯಿ" ಎಂದೆ.

ಮೂರು ತಿಂಗಳು ಹುಡುಗಿ ಪ್ರಯೋಗಾಲಯದ ಕಿಟಕಿಯಲ್ಲಿ ಗಡಿಗೆ ಇಟ್ಟು ಅಳೆದಳು. ಗಂಟೆಗೊಮ್ಮೆ ತೂಕ, ಒಳಗಿನ ಉಷ್ಣತೆ, ಹೊರಗಿನ ಉಷ್ಣತೆ, ಗಾಳಿಯ ವೇಗ. ಗಾಳಿ ಹೆಚ್ಚಾದಾಗ ಎಷ್ಟು, ಮೋಡ ಕವಿದಾಗ ಎಷ್ಟು. ನಾನು ಅಷ್ಟು ಚೊಕ್ಕ ಕೆಲಸ ನೋಡಿರಲಿಲ್ಲ. ಫೆಬ್ರುವರಿಯ ಕೊನೆಗೆ ಬರೆದು ತಂದು ಮೇಜಿನ ಮೇಲಿಟ್ಟು, "ಕೊನೇ ಪುಟದಾಗ ಒಂದು ಮಾತು ಬಿಟ್ಟೀನ್ರಿ ಸರ. ಬೇಕಂತನ ಬಿಟ್ಟೀನಿ" ಎಂದಳು. "ಗೊತ್ತಾತು. ಛಲೋ ಮಾಡಿದಿ" ಎಂದೆ. ಯಾವ ಮಾತು ಎಂದು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳು. ಗುರುವಾದವನು ಶಿಷ್ಯೆಯನ್ನು ಕೇಳಿ ತಿಳಿಯುವುದೇ ಎಂಬ ದೊಡ್ಡಸ್ತಿಕೆ ನನ್ನದು.

ರುದ್ರಗೌಡರು ಕನ್ನಡಕ ಏರಿಸಿ ಕೊನೆಯ ಪುಟ ಓದಿ, ಇಷ್ಟೇ ಇರಲಿ ಎಂದು ಮುದ್ರೆ ಒತ್ತಿದರು. ಒಂದು ಪ್ರತಿ ಮಂಡಳಿಯ ಕಪಾಟಿಗೆ ಹೋಯಿತು. ಇನ್ನೊಂದನ್ನು ನೀಲಗಂಗಾಳ ಕೈಗೆ ಕೊಟ್ಟರು, ಟಪಾಲಿಗೆ ಹಾಕಲು ಅವಳು ನನಗೆ ತಂದುಕೊಟ್ಟಳು. ಅಂದು ಮಧ್ಯಾಹ್ನ ಕಾಲೇಜಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಅದನ್ನು ಮತ್ತೊಮ್ಮೆ ಓದಿದೆ. ಇಂಥ ಕೆಲಸಕ್ಕೆ ಎಪ್ಪತ್ತೈದೇ? ಒಂದೇ ಸಾಲು ಕಡಿಮೆ. ಆ ಸಾಲಿಗಾಗಿ ಈ ಹುಡುಗಿ ಜನ್ಮವಿಡೀ ಭಟ್ಟಿಯ ಮುಂದೆ ಅಕ್ಕಿ ಹುರಿಯಬೇಕೇ? ಏನು ಹೋದೀತು, ಒದ್ದೆ ಮಾಡಿದ ಲಾವಂಚದ ಪರದೆ, ಬೇಸಗೆಯಲ್ಲಿ ಅಂಗಳಕ್ಕೆ ಚಿಮುಕಿಸುವ ನೀರು, ಇಷ್ಟು ಹೋದರೆ ಊರು ಮುಳುಗುವುದಿಲ್ಲ ಎಂದು ಲೆಕ್ಕ ಹಾಕಿದೆ. ಟೈಪಿಂಗ್ ಸೆಂಟರಿಗೆ ಹೋಗಿ ಕೊನೆಯ ಪುಟವನ್ನು ಮತ್ತೊಮ್ಮೆ ಮಾಡಿಸಿದೆ. ಇದೇ ರೀತಿ, ನೀರಿನಿಂದ ತೇವಗೊಂಡ ಯಾವುದೇ ಮೇಲ್ಮೈ, ಆ ತೇವವು ಆವಿಯಾಗುವಾಗ ತಂಪಾಗುತ್ತದೆ. ಇಷ್ಟೇ ಸೇರಿಸಿದ್ದು. ಬೆವರು ನನಗೆ ನೆನಪಾಗಲಿಲ್ಲ. ಫ್ಯಾನಿನ ಕೆಳಗೆ ಕೂತು ಬರೆಯುವವನಿಗೆ ಬೆವರು ಹೇಗೆ ನೆನಪಾಗಬೇಕು!

ಏಪ್ರಿಲ್ ಎರಡನೇ ವಾರ ತಂತಿ ಬಂದಂತೆ ಸುದ್ದಿ ಬಂತು. ಎಂಬತ್ತೊಂಬತ್ತು. ಸೀಟು ಖಾತ್ರಿ. ಫಕೀರವ್ವ ಒಂದು ಪೊಟ್ಟಣ ಚುರುಮುರಿಗೆ ಬೆಲ್ಲ ಹಾಕಿಕೊಂಡು ಬಂದು ನನ್ನ ಕೈಗಿಟ್ಟಳು. ಕಾಲಿಗೆ ಬೀಳಲು ಬಂದಾಗ ತಡೆದೆ. "ಇನ್ನ ಸತ್ರೂ ಚಿಂತಿಲ್ರಿ" ಎಂದಳು. ಖುಷಿಯಲ್ಲಿ ಜನ ಆಡುವ ಮಾತು ಅದು, ಎಲ್ಲರೂ ಆಡುತ್ತಾರೆ. ನಾನು ನಗುನಗುತ್ತಲೇ ಕಳಿಸಿದೆ. ಅಂದೇ ಬಸಲಿಂಗಪ್ಪನ ಗಡಿಗೆಯ ನೀರು ಬೆಚ್ಚಗಾಯಿತು, ಅದನ್ನು ಎಲ್ಲರೂ ನಿರೀಕ್ಷಿಸಿದ್ದೇ. ಆದರೆ ಎರಡನೆಯ ದಿನ ಫ್ಯಾನು ಹಾಕಿದರೂ ಮೈಗೆ ಬರೀ ಬಿಸಿ ಗಾಳಿ ಬಡಿಯಿತು. ಸ್ನಾನ ಮಾಡಿ ಒದ್ದೆ ಮೈಯಲ್ಲಿ ನಿಂತರೂ ಹಿತವಾಗಲಿಲ್ಲ. ಮೂರನೆಯ ದಿನ ದನಗಳು ಮೇಯುವುದನ್ನು ಬಿಟ್ಟು ಬಾಯಿ ತೆರೆದು ನಿಂತವು. ಈ ವರ್ಷ ಬಿಸಿಲು ಭಾಳ ಎಂದು ಜನ ಮಾತಾಡಿಕೊಂಡರು. ನಾನೂ ಹಾಗೇ ಅಂದೆ.

ನಾಲ್ಕನೆಯ ದಿನ ಹನ್ನೆರಡರ ಹೊತ್ತಿಗೆ ಭಟ್ಟಿ ಕಡೆಯಿಂದ ಕೂಗು ಎದ್ದಿತು. ಓಡಿದೆ. ಮೂವರು ಹೆಂಗಸರನ್ನು ಹೊರಗೆ ಬೇವಿನ ನೆರಳಿನಲ್ಲಿ ಮಲಗಿಸಿದ್ದರು, ನಡುವೆ ಫಕೀರವ್ವ. ಮೈಯೆಲ್ಲ ಒದ್ದೆ, ಆದರೆ ಮುಟ್ಟಿದರೆ ಕಾದ ಹಂಚು. ಒದ್ದೆ ಸೀರೆ ಸುತ್ತಿ ಮೊರದಿಂದ ಗಾಳಿ ಹಾಕುತ್ತಿದ್ದರು; ಸೀರೆ ಒಣಗುತ್ತಿತ್ತು, ಮೈ ಮಾತ್ರ ಹಾಗೇ ಉರಿಯುತ್ತಿತ್ತು. ಡಾಕ್ಟರು ಐಸ್ ಇಡಿ ಎಂದರು, ಊರಲ್ಲಿದ್ದ ಐಸು ಅರ್ಧ ಗಂಟೆಯಲ್ಲಿ ಮುಗಿಯಿತು. ನೀಲಗಂಗಾ ತಾಯಿಯ ಹಣೆಯ ಬಟ್ಟೆ ಬದಲಿಸುತ್ತ ಇದ್ದವಳು ತಟ್ಟನೆ ನಿಂತಳು. ತನ್ನ ಮುಂಗೈಗೆ ನೀರು ಹಚ್ಚಿಕೊಂಡು ಊದಿದಳು. ಮತ್ತೆ ಹಚ್ಚಿ, ಮತ್ತೆ ಊದಿದಳು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದಳು. ನನಗೆ ಅಲ್ಲೇ ಅರ್ಥವಾಯಿತು. ಅವಳು ಬೇಕೆಂದೇ ಬಿಟ್ಟ ಮಾತು ಬೆವರಿನದೆಂದೂ ಅರ್ಥವಾಯಿತು. ಅಯ್ಯೋ ಶಿವನೇ ಎಂದು ಕೂತುಬಿಟ್ಟೆ.

ಅವಳು ಕೂರಲಿಲ್ಲ. "ಕೆರಿಗೆ ಒಯ್ರಿ! ಬಟ್ಟಿ ಸುತ್ತಿದ್ರ ಆಗಂಗಿಲ್ಲ, ನೀರಾಗ ಮುಳಗಸ್ರಿ, ಕುತ್ತಿಗಿತನಕ!" ಎಂದು ಚೀರಿದಳು. ತಣ್ಣೀರು ಮೈಗೆ ತಾಗಿ ಎಳೆದುಕೊಳ್ಳುವ ಶಾಖ ಬೇರೆ, ಅದು ಇನ್ನೂ ನಮ್ಮೂರಲ್ಲಿ ಉಳಿದಿತ್ತು, ಅದರ ಮೇಲೆ ಯಾರೂ ಪ್ರಬಂಧ ಬರೆದಿರಲಿಲ್ಲ. ಅಷ್ಟು ಹೊತ್ತಿನಲ್ಲಿ ಅದನ್ನು ಲೆಕ್ಕ ಹಾಕಿದ್ದು ಆ ಹುಡುಗಿಯೊಬ್ಬಳೇ. ಮೂವರನ್ನೂ ಹೊತ್ತುಕೊಂಡು ಓಡಿದರು. ಇಬ್ಬರು ಬದುಕಿದರು. ಫಕೀರವ್ವನನ್ನು ನೀರಿಗೆ ಇಳಿಸುವಾಗಲೇ ಕತ್ತು ವಾಲಿತ್ತು. ಮಗಳು ಸಂಜೆಯವರೆಗೆ ಅವಳನ್ನು ನೀರಿನಲ್ಲೇ ಹಿಡಿದುಕೊಂಡು ನಿಂತಿದ್ದಳು, ಯಾರೂ ಬಿಡಿಸಲು ಹೋಗಲಿಲ್ಲ.

ಆ ವಾರ ಊರಿನಲ್ಲಿ ಹನ್ನೊಂದು ಮಂದಿ ತೀರಿಕೊಂಡರು, ಹೆಚ್ಚಿನವರು ಮುದುಕರು, ಒಂದು ಎಳೆ ಕೂಸು. ಉಳಿದವರು ಕೆರೆಯಲ್ಲಿ ಉಳಿದರು. ಹೇಗೂ ಬದುಕಬೇಕಲ್ಲ! ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿ ಮುಚ್ಚಿ ಎಲ್ಲರೂ ಕೆರೆಗೆ ಇಳಿಯುವುದು, ಐದಕ್ಕೆ ಮೇಲೇಳುವುದು. ಎಮ್ಮೆಗಳು ಮೊದಲೇ ಅಲ್ಲಿದ್ದವು, ಅವಕ್ಕೆ ಸ್ವಲ್ಪ ಸರಿದು ಜಾಗ ಮಾಡಿಕೊಂಡೆವು. ಬಾಣಂತಿಯರಿಗೆ ಮೆಟ್ಟಿಲ ಹತ್ತಿರ, ಗಂಡಸರಿಗೆ ತೂಬಿನ ಕಡೆ, ಶಾಲೆಯ ಮಕ್ಕಳಿಗೆ ನಡುವೆ ಹಗ್ಗ ಕಟ್ಟಿದ ಜಾಗ. ಒಂದು ಮದುವೆಯ ಮಾತುಕತೆಯೂ ಅಲ್ಲೇ ಕುತ್ತಿಗೆಮಟ್ಟ ನೀರಿನಲ್ಲಿ ಮುಗಿಯಿತು. ತಲೆಗೊಂದು ಛತ್ರಿ ಹಿಡಿದು ಜನ ಕೂತಿರುತ್ತಿದ್ದರು.

ಅಂಕಪಟ್ಟಿಯ ಜೊತೆ ಪ್ರಬಂಧದ ಪ್ರತಿ ವಾಪಸು ಬಂದದ್ದು ಆಗಲೇ. ರುದ್ರಗೌಡರು ಮಂಡಳಿಯ ಸಭೆಯನ್ನು ಕೆರೆಯಲ್ಲೇ ಕರೆದರು. ಎರಡೂ ಪ್ರತಿಗಳನ್ನು ನೀರು ತಾಗದಂತೆ ತಲೆಯ ಮೇಲೆ ಎತ್ತಿ ಹಿಡಿದು, ಮೊದಲು ಕಪಾಟಿನ ಪ್ರತಿಯ ಕೊನೆಯ ಪುಟ ಓದಿದರು, ಆಮೇಲೆ ವಾಪಸು ಬಂದದ್ದನ್ನು ಓದಿದರು. "ಇದೇ ರೀತಿ" ಎಂಬಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿ ಎಲ್ಲರ ಮುಖ ನೋಡಿದರು. "ನಾ ಮುದ್ರಿ ಒತ್ತಿದ ಮ್ಯಾಲ ಈ ಪುಟ ಬದಲಾಗೈತಿ. ಯಾರ ಕೆಲಸ ಇದು?" ಎಂದು ಕೇಳಿದರು. ಪ್ರತಿ ಇದ್ದದ್ದು ಇಬ್ಬರ ಕೈಯಲ್ಲಿ, ಬರೆದವಳು ಮತ್ತು ಟಪಾಲಿಗೆ ಹಾಕಿದ ನಾನು. ನಾನು ಅವರಿಂದ ನಾಲ್ಕು ಮಾರು ದೂರದಲ್ಲಿ ನೀರಿನಲ್ಲಿದ್ದೆ. ಬಾಯಿ ತೆರೆಯಬೇಕೆಂದುಕೊಂಡೆ, ಸತ್ಯವಾಗಿಯೂ ಅಂದುಕೊಂಡೆ. ತೆರೆಯಲಿಲ್ಲ. ಸತ್ತವರ ಮನೆಯವರೆಲ್ಲ ಸುತ್ತ ಇದ್ದರು, ನೀರಿನಲ್ಲಿ ಅವರ ಮುಖಗಳಷ್ಟೇ ಕಾಣುತ್ತಿದ್ದವು, ನನಗೆ ಹೆದರಿಕೆಯಾಯಿತು.

ಮೆಟ್ಟಿಲ ಮೇಲೆ ನಿಂತಿದ್ದ ನೀಲಗಂಗಾ, "ನಾನ ಬದಲ ಮಾಡೀನ್ರಿ" ಎಂದಳು.

ಮುಂದೆ ಆದದ್ದನ್ನು ಬಿಡಿಸಿ ಹೇಳಲು ನಾಚಿಕೆ. ಹೆತ್ತ ತಾಯಿಯನ್ನು ಮಾರ್ಕಿಗೆ ಮಾರಿದಾಕಿ ಎಂದು ಒಬ್ಬರು ಕೂಗಿದರು, ಯಾರೋ ಕೆಸರು ಎತ್ತಿ ಎಸೆದರು. ಅವಳಿಂದಲೇ ಜೀವ ಉಳಿದ ಭಟ್ಟಿಯ ಹೆಂಗಸರಿಬ್ಬರೂ ಮುಖ ತಿರುಗಿಸಿದರು. ಎರಡು ದಿನದೊಳಗೆ ಊರು ಬಿಡಬೇಕು, ಮತ್ತೆ ಈ ಸೀಮೆಗೆ ಕಾಲಿಡಕೂಡದು ಎಂದು ಮಂಡಳಿ ಠರಾವು ಮಾಡಿತು. ಕೈ ಎತ್ತಿರಿ ಎಂದಾಗ ಎಲ್ಲರೂ ಎತ್ತಿದರು. ನನ್ನ ಕೈಯೂ ಮೇಲಿತ್ತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವಳು ವರ್ಗಾವಣೆ ಪತ್ರ ಇಸಿದುಕೊಳ್ಳಲು ಕಾಲೇಜಿಗೆ ಬಂದಳು. ಪ್ರಿನ್ಸಿಪಾಲರು ಆಗಲೇ ಕೆರೆಗೆ ಹೋಗಿದ್ದರಿಂದ ಸಹಿ ನಾನೇ ಮಾಡಬೇಕಿತ್ತು. ಸಹಿ ಮಾಡದೆ ಪೆನ್ನು ಕೆಳಗಿಟ್ಟೆ. "ತಂಗಿ, ಇವತ್ತ ಹೋಗಿ ಎಲ್ಲಾರ ಮುಂದ ಹೇಳತೀನಿ. ನಾ ಮಾಡಿದ್ದು ನಾ ಉಣಬೇಕು" ಎಂದೆ. ನಿಜವಾಗಿ ಹೇಳುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಅವಳು ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ಬ್ಯಾಡ್ರಿ ಸರ. ಮಾಸ್ತರ ಬರದದ್ದು ಅಂತ ಗೊತ್ತಾದ್ರ ನನ್ನ ಮಾರ್ಕ್ಸ್ ರದ್ದು ಮಾಡತಾರ. ಅವ್ವ ಅಂತೂ ಹೋದ್ಲು. ಮಾರ್ಕ್ಸೂ ಹೋತಂದ್ರ ಅಕಿ ಯಾತಕ್ಕ ಹೋದಂಗಾತು?"

ಸಹಿ ಮಾಡಿ ಕೊಟ್ಟೆ. ಅವಳು ಅದನ್ನು ಅಂಕಪಟ್ಟಿಯ ಜೊತೆ ಇಟ್ಟುಕೊಂಡು, ಹೋಗಿ ಬರುತ್ತೇನೆ ಎನ್ನದೆ ಹೊರಟಳು. ಕಿಟಕಿಯಿಂದ ನೋಡಿದೆ, ಒಂದು ಚೀಲ, ತಲೆಯ ಮೇಲೆ ಸೆರಗು, ಬಸ್ ನಿಲ್ಲುವಲ್ಲಿ ಒಬ್ಬಳೇ ನಿಂತಿದ್ದಳು. ಬಸ್ಸು ಬಂತು, ಹೋಯಿತು. ಅಷ್ಟರಲ್ಲಿ ಬಿಸಿಲು ಏರಿ ನನ್ನ ತಲೆ ಸುತ್ತಲು ಶುರುವಾಗಿತ್ತು. ಕೋಣೆಗೆ ಬೀಗ ಹಾಕಿ ಕೆರೆಗೆ ಹೋಗಿ ನೀರಿಗಿಳಿದೆ. "ಹೋದ್ಲೇನ್ರಿ ಆ ಹುಡುಗಿ?" ಎಂದು ರುದ್ರಗೌಡರು ಕೇಳಿದರು. "ಹೋದ್ಲು" ಎಂದೆ. ಬಸಲಿಂಗಪ್ಪ ನನ್ನ ಮುಖ ನೋಡಿ ಲೊಚ್ಚೆಂದ. "ಪಾಪ, ಮಾಸ್ತರ್ರು ಅಕಿ ಮ್ಯಾಲ ಎಷ್ಟು ಜೀವ ಇಟ್ಟಿದ್ರು. ಎಂಥಾ ಮೋಸ ಮಾಡಿದ್ಲು ನೋಡ್ರಿ" ಎಂದು, ಆಲದ ನೆರಳು ಬೀಳುವ ಕಡೆ ತಾನು ಕೂತಿದ್ದ ಜಾಗ ಬಿಟ್ಟು, ನನ್ನನ್ನು ಅಲ್ಲಿ ಕೂರಿಸಿದ. ನಾನು ಕೂತೆ.